ಎರಡು ದೋಸೆ ತಿನ್ನಲಿಲ್ಲ ಅಂದರೆ ಎಷ್ಟು ದೋಸೆ?

'ಪುಟ್ಟಿ ಎರಡು ದೋಸೆ ತಿನ್ನಲಿಲ್ಲ.'

ಈ ವಾಕ್ಯದಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ತಟ್ಟೆಯಲ್ಲಿ ಏನಾಯಿತು ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ. ನಾಲ್ಕು ದೋಸೆ ಬಡಿಸಿದ್ದರು, ಪುಟ್ಟಿ ಎರಡು ತಿಂದಳು, ಇನ್ನೆರಡು ಹಾಗೇ ಉಳಿದವು. ಆಗ 'ಎರಡು ದೋಸೆ ತಿನ್ನಲಿಲ್ಲ' ಅನ್ನಬಹುದು. ಬಡಿಸಿದ್ದೇ ಎರಡು, ಒಂದು ತಿಂದು ಎದ್ದುಹೋದಳು. ಆಗಲೂ 'ಎರಡು ತಿನ್ನಲಿಲ್ಲ, ಒಂದೇ ತಿಂದಿದ್ದು' ಅನ್ನಬಹುದು. ಮೊದಲನೆಯದರಲ್ಲಿ 'ಎರಡು' ಎಣಿಸುತ್ತಿರುವುದು ಉಳಿದ ದೋಸೆಯನ್ನು. ಎರಡನೆಯದರಲ್ಲಿ 'ಎರಡು ತಿಂದಳು' ಅನ್ನುವ ಇಡೀ ಮಾತನ್ನೇ 'ಇಲ್ಲ' ಅಲ್ಲಗಳೆಯುತ್ತಿದೆ. ಮೊದಲ ತಟ್ಟೆಯ ಮುಂದೆ ಎರಡನೇ ಅರ್ಥ ಸುಳ್ಳು, ಎರಡನೇ ತಟ್ಟೆಯ ಮುಂದೆ ಮೊದಲ ಅರ್ಥ ಸುಳ್ಳು.

ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಕಾಗ್ನಿಟಿವ್ ಸೈನ್ಸ್ ಅಂದರೇನು ಅಂತ ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಒಂದು ಪಟ್ಟಿ ಒಪ್ಪಿಸುತ್ತೇವೆ: ಮನೋವಿಜ್ಞಾನ, ಭಾಷಾವಿಜ್ಞಾನ, ನರವಿಜ್ಞಾನ, ಕಂಪ್ಯೂಟರ್ ಸೈನ್ಸ್, ತತ್ವಶಾಸ್ತ್ರ, ಮಾನವಶಾಸ್ತ್ರ. ಕೇಳಿದವರು 'ಓ, ಸೈಕಾಲಜಿ' ಅಂದು ಮಾತು ಮುಗಿಸುತ್ತಾರೆ. ತಪ್ಪು ಅವರದಲ್ಲ, ಪಟ್ಟಿಯದು. ಆರು ವಿಷಯದ ಹೆಸರು ಹೇಳಿದರೆ ಅವು ಎಲ್ಲಿ ಒಂದನ್ನೊಂದು ಮುಟ್ಟುತ್ತವೆ ಅಂತ ತಿಳಿಯುವುದಿಲ್ಲ. ನನಗೆ ಪಟ್ಟಿಗಿಂತ ಈ ತಟ್ಟೆ ವಾಸಿ ಅನಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ಈ ವಾಕ್ಯ ಹೇಳಿದರೆ ಎರಡರಲ್ಲಿ ಯಾವ ಅರ್ಥ ಹಿಡಿಯುತ್ತದೆ? ಯಾಕೆ ಅದನ್ನೇ? ಈ ಎರಡು ಪ್ರಶ್ನೆಗೆ ಒಂದೇ ವಿಭಾಗದಲ್ಲಿ ಕೂತು ಉತ್ತರ ಹೇಳಲು ಹೊರಟರೆ ಅರ್ಧ ದಾರಿಯಲ್ಲೇ ಪಕ್ಕದ ಕಟ್ಟಡದ ಬಾಗಿಲು ತಟ್ಟಬೇಕಾಗುತ್ತದೆ.

ಕನ್ನಡ ಯಾಕೆ ಬೇಕಾಯಿತು

2002ರಲ್ಲಿ ಜೆಫ್ರಿ ಲಿಡ್ಸ್ ಮತ್ತು ಜೂಲಿಯನ್ ಮುಸೊಲಿನೊ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವಾಕ್ಯಗಳನ್ನು ಇಂಗ್ಲಿಷ್ ಮತ್ತು ಕನ್ನಡ ಮಾತಾಡುವ ನಾಲ್ಕು ವರ್ಷದ ಮಕ್ಕಳ ಮುಂದಿಟ್ಟಿದ್ದರು. (ದೋಸೆ ನನ್ನದು, ಅವರದಲ್ಲ.) ಕನ್ನಡವನ್ನು ಆರಿಸಿಕೊಂಡದ್ದು ಅಭಿಮಾನಕ್ಕೂ ಅಲ್ಲ, ಅನುಕೂಲಕ್ಕೂ ಅಲ್ಲ. ಇಂಗ್ಲಿಷ್ ಮಕ್ಕಳು ಇಂಥ ವಾಕ್ಯ ಕೇಳಿದಾಗ ದೊಡ್ಡವರಂತೆ ಎರಡೂ ಅರ್ಥಕ್ಕೆ ಒಪ್ಪುವುದಿಲ್ಲ, 'ಇಲ್ಲ' ಇಡೀ ಮಾತನ್ನು ಆಳುವ ಅರ್ಥಕ್ಕೇ ಅಂಟಿಕೊಳ್ಳುತ್ತಾರೆ ಅನ್ನುವುದು ಕಂಡಿತ್ತು. ಆದರೆ ಇಂಗ್ಲಿಷಿನಲ್ಲಿ ನಿಷೇಧದ ಪದ, ಅಂದರೆ 'ನಾಟ್', ಸಂಖ್ಯೆಗಿಂತ ಮೊದಲು ಬರುತ್ತದೆ. ಹಾಗಾಗಿ ಮಗು 'ಮೊದಲು ಕಿವಿಗೆ ಬಿದ್ದದ್ದಕ್ಕೆ ಮೊದಲ ಮರ್ಯಾದೆ' ಅನ್ನುವ ನಿಯಮ ಪಾಲಿಸುತ್ತಿದೆಯೋ, ವಾಕ್ಯದ ಒಳಗಟ್ಟಿನಲ್ಲಿ ಯಾವುದು ಮೇಲಿದೆ ಅಂತ ನೋಡುತ್ತಿದೆಯೋ ಹೇಳಲಾಗದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಕಡೆಗೆ ಕೈ ತೋರಿಸುತ್ತವೆ.

ಕನ್ನಡದಲ್ಲಿ ಅವು ಬೇರೆಯಾಗುತ್ತವೆ. ನಮ್ಮಲ್ಲಿ 'ಇಲ್ಲ' ಬರುವುದು ಕ್ರಿಯಾಪದದ ಬಾಲಕ್ಕೆ, ವಾಕ್ಯದ ಕೊನೆಗೆ. ಕಿವಿಗೆ ಮೊದಲು ಬೀಳುವುದು 'ಎರಡು'. ಆದರೆ ವಾಕ್ಯದ ಕಟ್ಟಡದಲ್ಲಿ ಮೇಲಿರುವುದು 'ಇಲ್ಲ', ಯಾಕೆಂದರೆ 'ಎರಡು ದೋಸೆ ತಿನ್ನು' ಅನ್ನುವ ಇಡೀ ಗಂಟನ್ನು ಅದು ತನ್ನ ಸೆರಗಿನೊಳಗೆ ಹಾಕಿಕೊಂಡಿರುತ್ತದೆ. ಮಕ್ಕಳು ಬರೀ ಸಾಲಿನ ಕ್ರಮ ನೋಡುವವರಾದರೆ ಕನ್ನಡದ ಮಕ್ಕಳು ಇಂಗ್ಲಿಷ್ ಮಕ್ಕಳಿಗೆ ತದ್ವಿರುದ್ಧ ಉತ್ತರ ಕೊಡಬೇಕು. ಕಟ್ಟಡ ನೋಡುವವರಾದರೆ ಒಂದೇ ಉತ್ತರ ಕೊಡಬೇಕು. ಒಂದೇ ಉತ್ತರ ಬಂತು. ಎರಡೂ ಕಡೆಯ ಮಕ್ಕಳು 'ಇಲ್ಲ'ಕ್ಕೆ ಮೇಲುಗೈ ಕೊಟ್ಟರು.

ಇದನ್ನು ಮಗುವಿಂದ ಹೊರಡಿಸುವ ರೀತಿ ನೋಡುವಂಥದ್ದು. ಒಬ್ಬರು ಆಟದ ಸಾಮಾನು ಹಿಡಿದು ಕಥೆ ಆಡಿಸುತ್ತಾರೆ. ಇನ್ನೊಬ್ಬರ ಕೈಯಲ್ಲಿ ಬೊಂಬೆ. ಬೊಂಬೆಯೂ ಮಗುವಿನ ಜೊತೆ ಕೂತು ಕಥೆ ನೋಡುತ್ತದೆ. ಕಥೆ ಮುಗಿದ ಮೇಲೆ ಬೊಂಬೆ 'ನಂಗೊತ್ತು ಏನಾಯ್ತು ಅಂತ! ಪುಟ್ಟಿ ಎರಡು ದೋಸೆ ತಿನ್ನಲಿಲ್ಲ' ಅನ್ನುತ್ತದೆ. ಅದು ಸರಿಯೋ ತಪ್ಪೋ ಅಂತ ಮಗು ಹೇಳಬೇಕು. ಬೊಂಬೆ ಅಲಂಕಾರಕ್ಕಲ್ಲ. ದೊಡ್ಡವರು ತಪ್ಪು ಹೇಳಿದರೆ ತಿದ್ದಲು ನಾಲ್ಕರ ಮಗು ಹಿಂಜರಿಯುತ್ತದೆ, ನಮ್ಮ ಮನೆಗಳಲ್ಲಂತೂ 'ಎದುರು ಮಾತಾಡಬೇಡ' ಅಂತ ಕಲಿಸಿಯೇ ಇರುತ್ತೇವೆ. ಬೊಂಬೆಯನ್ನು ತಿದ್ದಲು ಯಾವ ಸಂಕೋಚವೂ ಇಲ್ಲ. 'ತಪ್ಪು' ಅಂದ ಮೇಲೆ 'ಯಾಕೆ?' ಅಂತ ಕೇಳುವುದು ಕಡ್ಡಾಯ. ಮೊದಲ ತಟ್ಟೆಯ ಕಥೆಗೆ 'ತಿಂದ್ಲಲ್ಲ ಎರಡು!' ಅನ್ನುವ ಧಾಟಿಯಲ್ಲಿ ಕಾರಣ ಬಂದರೆ ಆ 'ತಪ್ಪು' ನಿಜವಾದ ತಪ್ಪು. 'ದೋಸೆ ಸುಟ್ಟೋಗಿತ್ತು' ಅಂದರೆ ಮಗು ಬೇರೆ ಏನನ್ನೋ ಹೇಳುತ್ತಿದೆ, ಆ ಉತ್ತರವನ್ನು ಬದಿಗೆ ಗುರುತು ಮಾಡಿಡಬೇಕು. ಇನ್ನೊಂದು: ಪುಟ್ಟ ಮಕ್ಕಳು ಸುಮ್ಮನೆ 'ಹೂಂ' ಅನ್ನುವವರು. ಅದಕ್ಕೇ ನಡುನಡುವೆ ಖಚಿತವಾಗಿ ಸುಳ್ಳಾದ ಸಾದಾ ವಾಕ್ಯಗಳನ್ನು ಸೇರಿಸುತ್ತಾರೆ. ಅವಕ್ಕೂ 'ಹೂಂ' ಅಂದ ಮಗುವಿನ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಾಕ್ಯ ಬರೆಯುವವರಿಗೂ ಇಲ್ಲಿ ಕೆಲಸವಿದೆ. 'ಎರಡು ದೋಸೆ ತಿನ್ನಲಿಲ್ಲ', 'ಎರಡು ದೋಸೆಯನ್ನು ತಿನ್ನಲಿಲ್ಲ' ಎರಡೂ ಒಂದೇ ಅಂತ ಕನ್ನಡ ಬಲ್ಲ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಮೊದಲ ದಿನ ಅಂದುಕೊಳ್ಳುತ್ತಾರೆ. ದ್ವಿತೀಯಾ ವಿಭಕ್ತಿ ಹಚ್ಚಿದ ಕೂಡಲೇ ಮಾತು 'ಅಗೋ ಆ ಎರಡು ದೋಸೆ'ಯ ಕಡೆಗೆ ವಾಲುತ್ತದೆ. ಅರ್ಧ ವಾಕ್ಯಕ್ಕೆ 'ಅನ್ನು' ಇದ್ದು ಅರ್ಧಕ್ಕೆ ಇಲ್ಲದಿದ್ದರೆ ಆಮೇಲೆ ಬಂದ ವ್ಯತ್ಯಾಸ ನಿಷೇಧದ್ದೋ ವಿಭಕ್ತಿಯದ್ದೋ ಅಂತ ಬಿಡಿಸಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗುವುದಿಲ್ಲ. ಹಾಗೆಯೇ ಭಾಷಾವಿಜ್ಞಾನದ ವಿದ್ಯಾರ್ಥಿ ಕಥೆಯ ಹಿನ್ನೆಲೆಯನ್ನು ಮರೆಯುತ್ತಾರೆ. ಕಥೆಯನ್ನು ಬೇರೆ ರೀತಿ ಕಟ್ಟಿದರೆ, ಯಾವುದು ನಿರೀಕ್ಷೆಯಲ್ಲಿತ್ತು ಅನ್ನುವುದನ್ನು ಮುಂದೆ ತಂದರೆ, ಮಕ್ಕಳಿಗೂ ಇನ್ನೊಂದು ಅರ್ಥ ಸಿಗುತ್ತದೆ ಅಂತ ನಂತರದ ಅಧ್ಯಯನಗಳು ತೋರಿಸಿದವು. ಹಾಗಾದರೆ ಮಕ್ಕಳಿಗೆ ಕೊರತೆಯಿರುವುದು ವ್ಯಾಕರಣದಲ್ಲೋ, ಸಂದರ್ಭ ಹಿಡಿಯುವುದರಲ್ಲೋ, ಒಮ್ಮೆ ಹಿಡಿದ ಅರ್ಥ ಬಿಟ್ಟು ಇನ್ನೊಂದಕ್ಕೆ ಹೋಗುವ ತ್ರಾಣದಲ್ಲೋ? ಮೂರೂ ಬೇರೆ ಬೇರೆ ವಿಭಾಗದ ಪ್ರಶ್ನೆಗಳು, ತಟ್ಟೆ ಒಂದೇ.

ಆರು ಮೂಲೆ

ಈ ಕ್ಷೇತ್ರಕ್ಕೆ ಒಂದು ಹುಟ್ಟುಹಬ್ಬವಿದೆ: 1956ರ ಸೆಪ್ಟೆಂಬರ್ 11. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಹಿತಿ ಸಿದ್ಧಾಂತದ ಗೋಷ್ಠಿ. ನ್ಯೂವೆಲ್ ಮತ್ತು ಸೈಮನ್ ಪ್ರಮೇಯಗಳನ್ನು ಸಾಧಿಸುವ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಹೇಳಿದರು, ಭಾಷಾವಿಜ್ಞಾನಿ ಚಾಮ್‌ಸ್ಕಿ ಭಾಷೆಯನ್ನು ವಿವರಿಸುವ ಮೂರು ಬಗೆಯ ವ್ಯಾಕರಣಗಳ ಬಗ್ಗೆ ಹೇಳಿದರು. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಮುಂದೆ ಈ ದಿನವನ್ನೇ ಆರಂಭವೆಂದು ಗುರುತಿಸಿದರು. 1978ರಲ್ಲಿ, ಸಂಶೋಧನೆಗೆ ಹಣ ಕೊಡುವ ಸ್ಲೋನ್ ಫೌಂಡೇಶನ್‌ಗಾಗಿ ಸಿದ್ಧವಾದ ವರದಿಯಲ್ಲಿ ಆರು ವಿಷಯಗಳನ್ನು ಷಡ್ಭುಜದ ಮೂಲೆಗಳಲ್ಲಿಟ್ಟು ಗೆರೆ ಎಳೆದರು. ಇವತ್ತಿಗೂ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಅದೇ ಚಿತ್ರ. ಗಮನಿಸಬೇಕಾದ್ದು: ಆ ಚಿತ್ರದ ಗೆರೆಗಳೆಲ್ಲ ಒಂದೇ ಥರ ಇರಲಿಲ್ಲ. ಗಟ್ಟಿ ಸಂಬಂಧಕ್ಕೆ ಪೂರ್ತಿ ಗೆರೆ, ದುರ್ಬಲ ಸಂಬಂಧಕ್ಕೆ ತುಂಡು ಗೆರೆ. ನಕಲು ಮಾಡುತ್ತಾ ಮಾಡುತ್ತಾ ತುಂಡು ಗೆರೆಗಳು ಪೂರ್ತಿ ಗೆರೆಗಳಾಗಿಬಿಟ್ಟವು.

2019ರಲ್ಲಿ ರಫಾಯೆಲ್ ನೂನ್ಯೆಜ್ ಮತ್ತು ಸಂಗಡಿಗರು ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಈ ಆರೂ ಸೇರಿ ಒಂದು ವಿಜ್ಞಾನ ಆಗಲೇ ಇಲ್ಲ, ಮನೋವಿಜ್ಞಾನವೇ ಬಹುಪಾಲು ನುಂಗಿತು ಅಂತ ವಾದಿಸಿದರು. ತಮಾಷೆಯೆಂದರೆ ನೂನ್ಯೆಜ್ ಇರುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಕಾಗ್ನಿಟಿವ್ ಸೈನ್ಸ್ ವಿಭಾಗದಲ್ಲಿ, ಅಂದರೆ ಈ ಹೆಸರಿನ ಪೂರ್ಣ ಪ್ರಮಾಣದ ವಿಭಾಗ ಮೊದಲು ತೆರೆದ ಜಾಗದಲ್ಲಿ. ವಾದದಲ್ಲಿ ಹುರುಳಿದೆ. ಆದರೆ ಒಂದು ವಿಜ್ಞಾನ ಆಗಲೇಬೇಕೆಂಬ ಹಟ ಯಾರದು? ನಿಷೇಧದ ಪ್ರಶ್ನೆಗೆ ಮೂರು ವಿಭಾಗ ಒಟ್ಟಿಗೆ ಕೂತು, ಕೆಲಸ ಮುಗಿಸಿ, ತಂತಮ್ಮ ಮನೆಗೆ ಹೋದರೆ ನಷ್ಟವೇನು ಅಂತ ನನ್ನ ಪ್ರಶ್ನೆ.

ಸ್ಯಾನ್ ಡಿಯಾಗೋದಲ್ಲೇ ವಿಭಾಗದ ಸ್ವಂತ ಪಿಎಚ್‌ಡಿ ಜೊತೆಗೆ ಇನ್ನೊಂದು ದಾರಿಯಿದೆ. ವಿದ್ಯಾರ್ಥಿ ಭಾಷಾವಿಜ್ಞಾನಕ್ಕೋ ಮನೋವಿಜ್ಞಾನಕ್ಕೋ ಮಾನವಶಾಸ್ತ್ರಕ್ಕೋ ಸೇರಿ, ಆ ವಿಭಾಗದ ಎಲ್ಲ ಅಗತ್ಯಗಳನ್ನೂ ಪೂರೈಸಿ, ಅದರ ಮೇಲೆ ಇನ್ನೊಂದು ಕ್ಷೇತ್ರದಲ್ಲಿ ಪಳಗಬೇಕು. ಪದವಿಯ ಮೇಲೆ ಎರಡು ಹೆಸರು: 'ಭಾಷಾವಿಜ್ಞಾನ ಮತ್ತು ಕಾಗ್ನಿಟಿವ್ ಸೈನ್ಸ್'. ತವರು ಒಂದು, ನಂಟು ಇನ್ನೊಂದು. ತವರಿಲ್ಲದೆ ಬರೀ ನಂಟಸ್ತಿಕೆ ನೆಚ್ಚಿ ಹೊರಟವರ ಪಾಡು 'ಊರೆಲ್ಲ ನೆಂಟರು, ಉಣ್ಣಲು ಮನೆಯಿಲ್ಲ' ಅನ್ನುವ ಹಾಗೆ. ಇದನ್ನು ಮುಂದೆ ಬಿಡಿಸುತ್ತೇನೆ.

'ಮಾಡೆಲ್' ಅಂದರೆ ಯಾವ ಮಾಡೆಲ್?

ಲ್ಯಾಬ್ ಮೀಟಿಂಗಿನಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಕಷ್ಟದ ಪದಗಳಲ್ಲ, ಎಲ್ಲರಿಗೂ ಗೊತ್ತಿರುವ ಪದಗಳು. ಮಾಡೆಲ್ ಅಂದಾಗ ಸಂಖ್ಯಾಶಾಸ್ತ್ರದವರ ಮನಸ್ಸಿನಲ್ಲಿ ದತ್ತಾಂಶಕ್ಕೆ ಹೊಂದಿಸುವ ಸಮೀಕರಣ. ಮನೋವಿಜ್ಞಾನದವರಿಗೆ ಡಬ್ಬಿ ಮತ್ತು ಬಾಣಗಳ ಚಿತ್ರ. ಕಂಪ್ಯೂಟರಿನವರಿಗೆ ತರಬೇತಿ ಪಡೆದ ನರಜಾಲ. ಅರ್ಥವಿಜ್ಞಾನ ಓದಿದವರಿಗೆ ವಾಕ್ಯ ನಿಜವೋ ಸುಳ್ಳೋ ಅಂತ ಅಳೆಯುವ ಪುಟ್ಟ ಜಗತ್ತು, ಅಂದರೆ ನಮ್ಮ ತಟ್ಟೆ. ನಾಲ್ಕು ಜನ ಅರ್ಧ ಗಂಟೆ ತಲೆಯಾಡಿಸಿ ಎದ್ದುಹೋಗಿ ನಾಲ್ಕು ಬೇರೆ ಕೆಲಸ ಮಾಡಿಕೊಂಡು ಬರುತ್ತಾರೆ.

ಇದಕ್ಕೆ ನರವಿಜ್ಞಾನಿ ಡೇವಿಡ್ ಮಾರ್ ಕೊಟ್ಟ ಮೂರು ಅಂತಸ್ತಿನ ಲೆಕ್ಕ ಇನ್ನೂ ಉಪಯೋಗಕ್ಕೆ ಬರುತ್ತದೆ. ಯಾವ ಸಮಸ್ಯೆಯನ್ನು ಬಿಡಿಸಲಾಗುತ್ತಿದೆ, ಯಾಕೆ ಅನ್ನುವುದು ಮೇಲಿನ ಅಂತಸ್ತು. ಯಾವ ಹೆಜ್ಜೆಗಳಲ್ಲಿ ಅನ್ನುವುದು ನಡುವಿನದು. ಯಾವ ನರಕೋಶ ಅಥವಾ ಯಾವ ತಂತಿ ಅನ್ನುವುದು ಕೆಳಗಿನದು. 'ಇಲ್ಲ ಎರಡನ್ನು ಆಳುತ್ತದೆ' ಅನ್ನುವುದು ಮೇಲಂತಸ್ತಿನ ಮಾತು. 'ಮಗು ಮೊದಲು ಒಂದು ಅರ್ಥ ಕಟ್ಟಿ, ಆಮೇಲೆ ಬದಲಾಯಿಸಲಾಗದೆ ಉಳಿಯುತ್ತದೆ' ಅನ್ನುವುದು ನಡುವಿನದು. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಆದರೂ ಹೊಸ ವಿದ್ಯಾರ್ಥಿಗಳ ಸೆಮಿನಾರ್ ಪ್ರಬಂಧಗಳಲ್ಲಿ ಇವನ್ನು ಎದುರಾಳಿಗಳಂತೆ ನಿಲ್ಲಿಸಿ ತೀರ್ಪು ಕೊಡುವ ರೂಢಿಯಿದೆ. ಈಗಂತೂ ದೊಡ್ಡ ಭಾಷಾ ಮಾಡೆಲ್ಲಿಗೆ ದೋಸೆಯ ವಾಕ್ಯ ಕೊಟ್ಟು, ಅದು ಹೇಳಿದ ಅರ್ಥವನ್ನು ಮಗುವಿನ ಉತ್ತರದ ಪಕ್ಕ ಇಟ್ಟು ಅಧ್ಯಾಯ ಮುಗಿಸುವುದು ಸುಲಭ. ಯಾವ ಅಂತಸ್ತಿನ ಹೋಲಿಕೆ ಅಂತ ಒಂದು ಸಾಲು ಬರೆಯದಿದ್ದರೆ ಆ ಅಧ್ಯಾಯ ಏನನ್ನೂ ಹೇಳಿದಂತಾಗುವುದಿಲ್ಲ.

'ಇಸು' ಕಿವಿಗೆ ಬೀಳದ ಮಕ್ಕಳು

ಕನ್ನಡ ಮತ್ತೊಮ್ಮೆ ಕೆಲಸಕ್ಕೆ ಬಂದದ್ದು 2003ರಲ್ಲಿ, ಲಿಡ್ಸ್ ಮತ್ತು ಹೆನ್ರಿ ಹಾಗೂ ಲೈಲಾ ಗ್ಲೈಟ್‌ಮನ್ ಸೇರಿ ಮಾಡಿದ ಅಧ್ಯಯನದಲ್ಲಿ. ಕ್ರಿಯಾಪದದ ಅರ್ಥ ಕಲಿಯುವ ಮಗು ಯಾವ ಸುಳಿವನ್ನು ನಂಬುತ್ತದೆ ಅನ್ನುವುದು ಪ್ರಶ್ನೆ. ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅನ್ನುವುದು ಒಂದು ಸುಳಿವು: ಎರಡಿದ್ದರೆ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿಸುತ್ತಿರಬಹುದು. ಆದರೆ 'ಮಗು ಚೆಂಡು ನೋಡಿತು' ಅನ್ನುವಲ್ಲಿ ಎರಡು ನಾಮಪದ ಇದ್ದರೂ ಮಾಡಿಸುವುದೇನೂ ಇಲ್ಲ, ಹಾಗಾಗಿ ಈ ಸುಳಿವು ಅಷ್ಟೇನೂ ಗಟ್ಟಿಯಲ್ಲ. ಕನ್ನಡದಲ್ಲಿ ಇದಕ್ಕಿಂತ ನಂಬಿಗಸ್ತ ಸುಳಿವಿದೆ: 'ಇಸು'. ಓಡು, ಓಡಿಸು. ಕುಣಿ, ಕುಣಿಸು. ಮಗು ಬರೀ ಕಿವಿಗೆ ಬಿದ್ದ ಭಾಷೆಯ ಅಂಕಿಅಂಶ ಹಿಡಿದು ಕಲಿಯುವುದಾದರೆ ಕನ್ನಡದ ಮಗು 'ಇಸು'ವನ್ನು ನಂಬಬೇಕು.

ಮಗುವಿನ ಮುಂದೆ ಪ್ರಾಣಿಗಳ ಗೊಂಬೆಗಳು. ವಾಕ್ಯ ಕೇಳಿ ಗೊಂಬೆ ಹಿಡಿದು ಮಾಡಿ ತೋರಿಸಬೇಕು. ನನ್ನದೇ ಉದಾಹರಣೆಯಲ್ಲಿ ಹೇಳುವುದಾದರೆ, 'ಕುದುರೆ ಆನೇನ ಓಡುತ್ತೆ' ಅನ್ನುವ ಸೊಟ್ಟ ವಾಕ್ಯ ಒಂದು ಬಗೆ, 'ಕುದುರೆ ಓಡಿಸುತ್ತೆ' ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನಾಮಪದ ಎರಡು, 'ಇಸು' ಇಲ್ಲ. ಎರಡನೆಯದರಲ್ಲಿ 'ಇಸು' ಇದೆ, ನಾಮಪದ ಒಂದೇ. ಮೂರು ವರ್ಷದ ಮಕ್ಕಳು ಎಣಿಸಿದ್ದು ನಾಮಪದಗಳನ್ನು. ಎರಡಿದ್ದರೆ ಒಂದರಿಂದ ಇನ್ನೊಂದಕ್ಕೆ ಮಾಡಿಸಿದರು, 'ಇಸು' ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಮನೆಯಲ್ಲಿ ದಿನಾ ಕೇಳುವ ಭಾಷೆಯ ನಂಬಿಗಸ್ತ ಸುಳಿವನ್ನು ಬಿಟ್ಟು ಅಷ್ಟೇನೂ ಗಟ್ಟಿಯಲ್ಲದ್ದನ್ನು ಹಿಡಿದರು. ಕಲಿಯುವ ಮಗು ಹೊರಗಿನಿಂದ ಬಂದದ್ದನ್ನಷ್ಟೇ ತೂಗುವುದಿಲ್ಲ, ತನ್ನದೇ ಏನನ್ನೋ ತರುತ್ತದೆ ಅನ್ನುವುದಕ್ಕೆ ಇದನ್ನು ಸಾಕ್ಷಿಯಾಗಿ ಮುಂದಿಟ್ಟರು.

ತರಗತಿಯಲ್ಲಿ ಇದನ್ನು ಚರ್ಚಿಸಿದರೆ ಕನ್ನಡ ಬಲ್ಲವರು ಒಂದು ತಕರಾರು ಎತ್ತಲೇಬೇಕು. 'ಪ್ರೀತಿಸು', 'ಯೋಚಿಸು' ಇವುಗಳಲ್ಲಿ 'ಇಸು' ಏನನ್ನೂ ಮಾಡಿಸುತ್ತಿಲ್ಲ, ಬರೀ ನಾಮಪದವನ್ನು ಕ್ರಿಯಾಪದ ಮಾಡುತ್ತಿದೆ. ಹಾಗಾದರೆ 'ಇಸು' ಅಷ್ಟೊಂದು ನಂಬಿಗಸ್ತವೇ? ಅದಕ್ಕೆ ಮರುತಕರಾರು: ಮೂರರ ಮಗುವಿನ ಕಿವಿಗೆ ಇಂಥ ಸಂಸ್ಕೃತಮೂಲದ ಕ್ರಿಯಾಪದ ಎಷ್ಟು ಬೀಳುತ್ತದೆ? 'ಕೂರಿಸು', 'ಉಣ್ಣಿಸು', 'ಮಲಗಿಸು' ಎಷ್ಟು ಬೀಳುತ್ತದೆ? ಇದನ್ನು ಊಹಿಸಿ ತೀರ್ಮಾನಿಸಲಾಗದು, ತಾಯಿ, ಅಜ್ಜಿ ಮಗುವಿನೊಂದಿಗೆ ಆಡಿದ ಮಾತನ್ನು ಗಂಟೆಗಟ್ಟಲೆ ದಾಖಲಿಸಿ, ಬರೆದು, ಎಣಿಸಬೇಕು. ಈ ಎಣಿಕೆ ಮಾನವಶಾಸ್ತ್ರದ ಮೂಲೆಗೂ ಕಂಪ್ಯೂಟರ್ ಮೂಲೆಗೂ ನಡುವಿನ ತುಂಡು ಗೆರೆಯ ಮೇಲೆ ಕೂತಿದೆ. ಅದಕ್ಕೇ ಯಾರೂ ಸುಲಭಕ್ಕೆ ಕೈ ಹಾಕುವುದಿಲ್ಲ.

ಎಣ್ಣೆ, ಒತ್ತಕ್ಷರ, 96 ಸಾಲು

ಪ್ರಶ್ನೆ ಸಿಕ್ಕ ಮೇಲೆ ಕೆಡುವುದೆಲ್ಲ ಚಿಕ್ಕ ಜಾಗಗಳಲ್ಲಿ. 24 ಮಕ್ಕಳು, ತಲಾ ನಾಲ್ಕು ವಾಕ್ಯ ಅಂದುಕೊಳ್ಳೋಣ. ಎಕ್ಸೆಲ್ಲಿನಲ್ಲಿ 96 ಸಾಲು. ಆದರೆ ಅವು 96 ಸ್ವತಂತ್ರ ಸಾಕ್ಷಿಗಳಲ್ಲ. ಒಂದು ಮಗುವಿನ ನಾಲ್ಕು ಉತ್ತರ ಒಂದಕ್ಕೊಂದು ಅಂಟಿಕೊಂಡಿವೆ, ಒಂದು ವಾಕ್ಯಕ್ಕೆ ಬಂದ ಉತ್ತರಗಳೂ ಅಷ್ಟೇ. ವಾಕ್ಯಗಳೂ ಒಂದು ಸ್ಯಾಂಪಲ್ ಅನ್ನುವುದನ್ನು ಮರೆತು ಬರೀ ಜನರನ್ನು ಎಣಿಸುವ ತಪ್ಪನ್ನು ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಎತ್ತಿ ತೋರಿಸಿದ್ದರು. ಈಗ ಇದಕ್ಕೆ ಮಿಕ್ಸೆಡ್ ಮಾಡೆಲ್, ಅಂದರೆ ಈ ಅಂಟನ್ನೂ ಲೆಕ್ಕಕ್ಕೆ ಹಿಡಿಯುವ ಸಮೀಕರಣ, ಬಳಸುತ್ತಾರೆ. ಉತ್ತರ ಹೌದು ಅಥವಾ ಅಲ್ಲ ಆದ್ದರಿಂದ ಲಾಜಿಸ್ಟಿಕ್ ಬಗೆಯದ್ದು, ಮಗುವಿಗೂ ವಾಕ್ಯಕ್ಕೂ ಬೇರೆ ಬೇರೆ ರ‍್ಯಾಂಡಮ್ ಅಂಶ ಸೇರಿಸಿ. ಶೇಕಡಾ ತೆಗೆದು ಟಿ-ಟೆಸ್ಟ್ ಹಾಕಬಾರದು. ಇಲ್ಲಿ ಒಂದು ಬಲೆಯಿದೆ: ಮಕ್ಕಳೆಲ್ಲರೂ ಒಂದು ಬಗೆಯ ವಾಕ್ಯಕ್ಕೆ 'ತಪ್ಪು' ಅಂದುಬಿಟ್ಟರೆ, ಅಂದರೆ ಫಲಿತಾಂಶ ಅತಿ ಚೆನ್ನಾಗಿ ಬಂದರೆ, ಲಾಜಿಸ್ಟಿಕ್ ಲೆಕ್ಕ ಹುಚ್ಚೇಳುತ್ತದೆ. ಅಂದಾಜು ಅನಂತದ ಕಡೆ ಓಡುತ್ತದೆ, ದೋಷದ ಅಂಕಿ ಅದಕ್ಕಿಂತ ದೊಡ್ಡದಾಗುತ್ತದೆ, ಕಣ್ಣಿಗೆ ಕಾಣುವ ವ್ಯತ್ಯಾಸ 'ಮಹತ್ವವಿಲ್ಲ' ಅಂತ ಬರುತ್ತದೆ. ಅಂದಾಜು ತೀರಾ ದೂರ ಓಡದಂತೆ ಮೊದಲೇ ಸಣ್ಣ ಅಂಕುಶ ಹಾಕಿದ ಬೇಸಿಯನ್ ಲೆಕ್ಕ ಇದಕ್ಕೆ ಮದ್ದು.

ದೊಡ್ಡವರ ಮೇಲೆ ಪ್ರತಿಕ್ರಿಯೆಯ ಸಮಯ ಅಳೆಯುವುದಾದರೆ ಒಂದೊಂದು ಬಗೆಗೆ ಸುಮಾರು 1600 ಅಳತೆ ಬೇಕು, ಅಂದರೆ 40 ಜನ, 40 ವಾಕ್ಯ, ಅನ್ನುವುದು ಬ್ರೈಸ್‌ಬರ್ಟ್ ಮತ್ತು ಸ್ಟೀವನ್ಸ್ 2018ರಲ್ಲಿ ಕೊಟ್ಟ ಸಲಹೆ. ನಲವತ್ತು ಒಳ್ಳೆಯ ಕನ್ನಡ ವಾಕ್ಯ ಬರೆದು ನೋಡಿ, ಮೂವತ್ತರ ಹೊತ್ತಿಗೆ ಕೃತಕ ಅನಿಸತೊಡಗುತ್ತವೆ. ಇನ್ನು 60 ಹರ್ಟ್ಸ್ ಪರದೆ ಹೊಸ ಚಿತ್ರ ತೋರಿಸುವುದು 16.7 ಮಿಲಿಸೆಕೆಂಡಿಗೊಮ್ಮೆ. 20 ಮಿಲಿಸೆಕೆಂಡ್ ಪದ ತೋರಿಸು ಅಂತ ಬರೆದರೂ ಅದು ತೋರಿಸುವುದು ಒಂದು ಫ್ರೇಮ್ ಅಥವಾ ಎರಡು. ಕೀಬೋರ್ಡಿನ ತಡ ಎಲ್ಲರಿಗೂ ಒಂದೇ ಇದ್ದರೆ ವ್ಯತ್ಯಾಸದಲ್ಲಿ ಹೊಡೆದುಹೋಗುತ್ತದೆ. ಒಂದು ಗುಂಪು ಒಂದು ಲ್ಯಾಪ್‌ಟಾಪ್, ಇನ್ನೊಂದು ಗುಂಪು ಇನ್ನೊಂದು ಅಂತ ಮಾಡಿದರೆ ಮಾತ್ರ ಅಳೆದದ್ದು ಲ್ಯಾಪ್‌ಟಾಪನ್ನೇ.

ಪದದ ಉದ್ದ ಸಮ ಮಾಡಬೇಕು ಅನ್ನುವುದು ಎಲ್ಲ ಪಠ್ಯಪುಸ್ತಕದಲ್ಲೂ ಇರುತ್ತದೆ. ಕನ್ನಡದಲ್ಲಿ ಉದ್ದ ಅಂದರೇನು? 'ಸ್ತ್ರೀ' ಒಂದು ಅಕ್ಷರ. ಪೈಥಾನ್‌ನಲ್ಲಿ ಅದರ ಉದ್ದ ಕೇಳಿದರೆ 6 ಅನ್ನುತ್ತದೆ: ಸ, ಹಲಂತ, ತ, ಹಲಂತ, ರ, ಈಕಾರ. ಈಕಾರವನ್ನು ಒಡೆದು ಬರೆಯುವ ಯೂನಿಕೋಡ್ ರೂಪದಲ್ಲಿದ್ದರೆ 7. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 18. ಅದೇ 'ಅವರು' ಮೂರು ಅಕ್ಷರ, ಪೈಥಾನಿಗೆ 4. ಕೋಡ್ ಹೇಳಿದ ಉದ್ದ ನಂಬಿ ಪದಗಳನ್ನು ಜೋಡಿ ಮಾಡಿದರೆ ಒತ್ತಕ್ಷರವಿರುವುದೆಲ್ಲ 'ಉದ್ದ' ಪದವಾಗಿ ಕೂರುತ್ತದೆ. ಅಕ್ಷರದ ಲೆಕ್ಕ, ಮಾತ್ರೆಯ ಲೆಕ್ಕ, ಪರದೆಯ ಮೇಲಿನ ಅಗಲ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಪ್ರಯೋಗದ ಸಾಫ್ಟ್‌ವೇರ್ ಒತ್ತಕ್ಷರವನ್ನು ಬಿಡಿಸಿ ತೋರಿಸುವುದೂ ಉಂಟು. ಪದಗಳನ್ನು ಮೊದಲೇ ಚಿತ್ರವಾಗಿ ಉಳಿಸಿ ಆ ಚಿತ್ರವನ್ನೇ ತೋರಿಸುವುದು ಹಳೆಯ, ಕೆಡದ ಉಪಾಯ.

ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿಗೆ ಬಂದರೆ ಎರಡು ಸಂಕಟ. ಒಂದು ತಲೆಯ ಮೇಲಿನದು: ಕೊಬ್ಬರಿ ಎಣ್ಣೆ. ಎಣ್ಣೆಯ ಪದರದ ಮೇಲೆ ಜೆಲ್ ಕೂರುವುದಿಲ್ಲ, ಎಲೆಕ್ಟ್ರೋಡಿನ ಇಂಪಿಡೆನ್ಸ್ (ವಿದ್ಯುತ್ತಿಗೆ ಬರುವ ತಡೆ) 5 ಅಥವಾ 10 ಕಿಲೋ ಓಮ್‌ಗೆ ಇಳಿಯುವುದಿಲ್ಲ, 32 ಎಲೆಕ್ಟ್ರೋಡಿಗೆ ಮುಕ್ಕಾಲು ಗಂಟೆ ತಿಕ್ಕಿದ ಮೇಲೆ ಪಾಲ್ಗೊಂಡವರಿಗೂ ತಿಕ್ಕಿದವರಿಗೂ ಬೇಸರ. 'ಹಿಂದಿನ ರಾತ್ರಿ ತಲೆಸ್ನಾನ ಮಾಡಿ, ಎಣ್ಣೆ ಕಂಡೀಷನರ್ ಬೇಡ, ಒದ್ದೆ ತಲೆಯಲ್ಲಿ ಬರಬೇಡಿ, ಬಿಗಿ ಜಡೆ ಬೇಡ' ಅನ್ನುವ ಸಂದೇಶವನ್ನು ಕನ್ನಡದಲ್ಲಿ ಎರಡು ಸಲ ಕಳಿಸಬೇಕು. ಎರಡನೆಯ ಸಂಕಟ ಭಾಷೆಯದು. ಮಿದುಳಿನ ಅಲೆಯನ್ನು ಒಂದು ಕ್ಷಣಕ್ಕೆ ಕಟ್ಟಿ ನೋಡಬೇಕು: ನಿಷೇಧ ಕೇಳಿಸಿದ ಕ್ಷಣ ಯಾವುದು? 'ತಿನ್ನಲಿ...' ವರೆಗೆ ಕೇಳಿದವರಿಗೆ ಅದು 'ತಿನ್ನಲಿ ಬಿಡಿ' ಆಗಬಹುದು, 'ತಿನ್ನಲಿಕ್ಕೆ' ಆಗಬಹುದು. 'ಇಲ್ಲ' ಅಂತ ಖಚಿತವಾಗುವುದು ಕೊನೆಯ 'ಲ್ಲ'ದಲ್ಲಿ. ಪದದ ಆರಂಭಕ್ಕೆ ಗುರುತು ಹಾಕಿದರೆ ನೂರಾರು ಮಿಲಿಸೆಕೆಂಡ್ ಮೊದಲೇ ಹಾಕಿದಂತೆ, ಅಲೆ ಮಸುಕಾಗುತ್ತದೆ. ಸಾಲದ್ದಕ್ಕೆ ಅದು ವಾಕ್ಯದ ಕೊನೆ. ವಾಕ್ಯ ಮುಗಿದಾಗ ಕೇಳುಗರು ಎಲ್ಲವನ್ನೂ ಕಟ್ಟಿ ಮುಗಿಸುವ ಕೆಲಸದ ಅಲೆಯೂ ಅಲ್ಲೇ ಸೇರಿಕೊಳ್ಳುತ್ತದೆ. ದಾರಿ: ವಾಕ್ಯವನ್ನು 'ತಿನ್ನಲಿಲ್ಲ ಅಂತ ಅಜ್ಜಿ ಹೇಳಿದರು' ಅಂತ ಮುಂದುವರಿಸುವುದು. ಇಂಗ್ಲಿಷ್ ಪ್ರಯೋಗವನ್ನು ಹಾಗೇ ಅನುವಾದಿಸಿ ತಂದವರಿಗೆ ಈ ಎರಡನೇ ಸಂಕಟ ತಿಳಿಯುವುದು ದತ್ತಾಂಶವೆಲ್ಲ ಸಂಗ್ರಹವಾದ ಮೇಲೆ.

ತವರು ಯಾವುದು

ನಮ್ಮ ದೇಶದಲ್ಲಿ ಈ ಹೆಸರಿನಲ್ಲೇ ಸ್ನಾತಕೋತ್ತರ ಅಥವಾ ಸಂಶೋಧನಾ ಪದವಿ ಓದುವ ಜಾಗಗಳು ಹೆಚ್ಚಿಲ್ಲ: ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ, ಐಐಟಿ ಕಾನ್ಪುರದ ವಿಭಾಗ, ಐಐಟಿ ಗಾಂಧಿನಗರ ಮತ್ತು ದೆಹಲಿಯ ಎಂಎಸ್ಸಿ, ಹೈದರಾಬಾದಿನ ವಿಶ್ವವಿದ್ಯಾಲಯ ಮತ್ತು ಟ್ರಿಪಲ್ ಐಟಿ. ಪ್ರವೇಶದ ನಿಯಮ ವರ್ಷವರ್ಷಕ್ಕೆ ಬದಲಾಗುತ್ತದೆ, ಆಯಾ ವರ್ಷದ ಪ್ರಕಟಣೆ ನೋಡುವುದೇ ಸರಿ. ಸ್ನಾತಕೋತ್ತರ ಪ್ರವೇಶಕ್ಕೆ ಬಳಸುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಎಕ್ಸ್‌ಎಚ್ (ಮಾನವಿಕ ಮತ್ತು ಸಮಾಜ ವಿಜ್ಞಾನ) ಪತ್ರಿಕೆ ಬಂದ ಮೇಲೆ ಮಾನವಿಕ ವಿಷಯದವರಿಗೂ ಆ ಬಾಗಿಲು ತೆರೆಯಿತು. ಭಾಷಾವಿಜ್ಞಾನ, ತತ್ವಶಾಸ್ತ್ರ, ಮನೋವಿಜ್ಞಾನ ಮೂರೂ ಅದರಲ್ಲಿವೆ, ಆದರೆ ಆರಿಸಿಕೊಳ್ಳಬೇಕಾದ್ದು ಒಂದನ್ನೇ: 100ರಲ್ಲಿ 60 ಅಂಕ ಅದಕ್ಕೆ, 25 ಎಲ್ಲರಿಗೂ ಸಮಾನವಾದ ತರ್ಕ ಮತ್ತು ಗ್ರಹಿಕೆಗೆ, 15 ಆಪ್ಟಿಟ್ಯೂಡ್‌ಗೆ. ತವರು ಯಾವುದು ಅಂತ ಪರೀಕ್ಷೆಯ ಅರ್ಜಿಯೇ ಕೇಳಿಬಿಡುತ್ತದೆ.

ಸೇರಿದ ಮೇಲೆ ಮೊದಲ ವರ್ಷ ಎಲ್ಲ ಮೂಲೆಯ ಪರಿಚಯ ಕೋರ್ಸುಗಳು. ಇಲ್ಲೇ ಹೆಚ್ಚಿನವರು ಎಡವುವುದು. ಆರು ಪರಿಚಯ ಸೇರಿದರೆ ಒಂದು ಪಾಂಡಿತ್ಯ ಆಗುವುದಿಲ್ಲ, ಆರು ಪರಿಚಯವೇ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರ ಮತ್ತು ಆರ್ ಅಥವಾ ಪೈಥಾನ್ ಮುಗಿಸಿಬಿಡಬೇಕು, ಯಾಕೆಂದರೆ ಉಳಿದ ಎಲ್ಲವೂ ಅದರ ಮೇಲೆ ನಿಲ್ಲುತ್ತದೆ, ಮತ್ತು ಅದನ್ನು ಪ್ರಬಂಧ ಬರೆಯುವ ಹೊತ್ತಿಗೆ ಕಲಿಯಲು ಕೂತವರ ಪಾಡು ಯುದ್ಧದಲ್ಲಿ ಕತ್ತಿ ಮಸೆದಂತೆ. ಎರಡನೇ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಪ್ರಶ್ನೆ ಇರಬೇಕು, 'ಭಾಷೆ ಮತ್ತು ಮನಸ್ಸು' ಅಂತಲ್ಲ, ದೋಸೆಯಷ್ಟು ಸಣ್ಣದು. ನೈತಿಕ ಸಮಿತಿಯ ಅರ್ಜಿ ಬೇಸಿಗೆ ರಜೆಗೆ ಮುಂಚೆ ಹೋಗಬೇಕು. ಮಕ್ಕಳಿದ್ದರೆ ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಲು ಬಾರದವರಿಗೆ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳುವ ವ್ಯವಸ್ಥೆ, ಶಾಲೆ ಅಥವಾ ಅಂಗನವಾಡಿಯ ಅನುಮತಿ ಬೇರೆ. ಇದಕ್ಕೆ ತಿಂಗಳುಗಳೇ ಬೇಕು, ಪರೀಕ್ಷೆ ಮತ್ತು ದಸರಾ ರಜೆಗಳ ನಡುವೆ ಮಕ್ಕಳು ಸಿಗುವ ವಾರಗಳು ಕಮ್ಮಿ.

ಇಬ್ಬರು ಗೈಡ್ ಇದ್ದರೆ ಮೊದಲ ಭೇಟಿಯಲ್ಲೇ ಕೆಲವು ಮಾತು ಬರವಣಿಗೆಯಲ್ಲಿರಲಿ: ಲೇಖಕರ ಹೆಸರಿನ ಕ್ರಮ, ಯಾವ ಪತ್ರಿಕೆಗೆ ಕಳಿಸುವುದು, ಕಚ್ಚಾ ದತ್ತಾಂಶ ಯಾರ ಕಂಪ್ಯೂಟರಿನಲ್ಲಿ. ಭಾಷಾವಿಜ್ಞಾನದ ಗೈಡಿಗೆ ಇನ್ನೂ ಮೂರು ಬಗೆಯ ವಾಕ್ಯ ಬೇಕು ಅನಿಸುತ್ತದೆ, ಮನೋವಿಜ್ಞಾನದವರಿಗೆ ಬಗೆ ಕಮ್ಮಿ ಮಾಡಿ ಜನ ಹೆಚ್ಚು ಮಾಡಬೇಕು ಅನಿಸುತ್ತದೆ. ಇಬ್ಬರೂ ಸರಿ. ಇಬ್ಬರನ್ನೂ ಬೇರೆ ಬೇರೆ ಭೇಟಿಯಾಗಿ ಇಬ್ಬರಿಗೂ ಹೂಂಗುಟ್ಟಿ ಬಂದ ವಿದ್ಯಾರ್ಥಿಯ ಪ್ರಯೋಗ ಎಂಟು ಬಗೆಯ ವಾಕ್ಯ, ಅರವತ್ತು ನಿಮಿಷ, ನಾಲ್ಕು ವರ್ಷದ ಮಗು ಅಂತ ಬೆಳೆಯುತ್ತದೆ. ನಾಲ್ಕರ ಮಗು ಹದಿನೈದು ಇಪ್ಪತ್ತು ನಿಮಿಷಕ್ಕೆ ಬೊಂಬೆಯ ಮೂಗು ಕೀಳಲು ಶುರು ಮಾಡುತ್ತದೆ.

ಒಂದೇ ಬೀದಿಯ ನೆರೆಹೊರೆ

ಕರ್ನಾಟಕದಲ್ಲಿ ಷಡ್ಭುಜದ ಮೂಲೆಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಐಐಎಸ್‌ಸಿಯ ನರವಿಜ್ಞಾನ ಕೇಂದ್ರ, ನಿಮ್ಹಾನ್ಸ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರ ವಾಕ್ ಶ್ರವಣ ಸಂಸ್ಥೆ, 1969ರ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ, ಪಕ್ಕದಲ್ಲೇ ವಿಶ್ವವಿದ್ಯಾಲಯದ ವಿಭಾಗಗಳು. ವಾಕ್ ಶ್ರವಣ ಸಂಸ್ಥೆ ಆರೋಗ್ಯ ಸಚಿವಾಲಯದ್ದು, ಭಾಷಾ ಸಂಸ್ಥೆ ಶಿಕ್ಷಣ ಸಚಿವಾಲಯದ್ದು. ನಡೆದು ಹೋಗುವಷ್ಟು ಹತ್ತಿರ, ಆದರೆ ಕಡತಗಳು ಹೋಗುವುದು ದೆಹಲಿಯ ಬೇರೆ ಬೇರೆ ಕಟ್ಟಡಕ್ಕೆ. ಹೆಸರಿನ ಪದವಿ ಇಲ್ಲದಿದ್ದರೂ ಮನಸ್ಸು ಮಾಡಿದ ವಿದ್ಯಾರ್ಥಿ ಭಾಷಾವಿಜ್ಞಾನವನ್ನು ತವರು ಮಾಡಿಕೊಂಡು, ಸಹ ಗೈಡ್ ಒಬ್ಬರನ್ನು ಇನ್ನೊಂದು ಕಟ್ಟಡದಲ್ಲಿ ಹುಡುಕಿಕೊಂಡು, ಸ್ಯಾನ್ ಡಿಯಾಗೋದ ಎರಡು ಹೆಸರಿನ ಪದವಿಯ ಕೆಲಸವನ್ನೇ ಮಾಡಬಹುದು, ಪದವಿಪತ್ರದಲ್ಲಿ ಒಂದೇ ಹೆಸರು ಇರುತ್ತದೆ ಅಷ್ಟೇ.

ಅಂಥವರಿಗೆ ಕೈಗೆಟುಕುವ ಒಂದು ಪ್ರಶ್ನೆ: ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡು ವ್ಯಾಕರಣ ತಡವರಿಸುವ ಕನ್ನಡಿಗರು ದೋಸೆಯ ವಾಕ್ಯವನ್ನು ಹೇಗೆ ಹಿಡಿಯುತ್ತಾರೆ? ಮಕ್ಕಳಂತೆ ವಾಕ್ಯದ ಕಟ್ಟಡ ನೋಡಿಯೋ, ಸಾಲಿನಲ್ಲಿ ಮೊದಲು ಬಂದದ್ದನ್ನು ಹಿಡಿದೋ? ಇಂಗ್ಲಿಷಿನಲ್ಲಿ ಇದನ್ನು ಬಿಡಿಸಲಾಗದು, ಮೇಲೆ ಹೇಳಿದ ಕಾರಣಕ್ಕೇ. ಆದರೆ ಇವರ ಮುಂದೆ ಬೊಂಬೆ ತರುವ ಹಾಗಿಲ್ಲ, ಅರವತ್ತರ ಹಿರಿಯರಿಗೆ ಅದು ಅವಮಾನ. ಎರಡು ತಟ್ಟೆಯ ಚಿತ್ರ ಮುಂದಿಟ್ಟು 'ನಾನು ಹೇಳಿದ್ದು ಯಾವುದು ಸ್ವಾಮಿ, ತೋರಿಸಿ' ಅಂತ ಕೇಳಬೇಕು. ಬಲಗೈ ಸ್ವಾಧೀನವಿಲ್ಲದವರು ಎಡಗೈಯಲ್ಲಿ ತೋರಿಸುತ್ತಾರೆ. ಬಲಬದಿಯ ದೃಷ್ಟಿ ಹೋಗಿದ್ದರೆ ಬಲಗಡೆಯ ತಟ್ಟೆ ಕಾಣುವುದೇ ಇಲ್ಲ, ಹಾಗಾಗಿ ಚಿತ್ರಗಳನ್ನು ಅಕ್ಕಪಕ್ಕದ ಬದಲು ಮೇಲೆ ಕೆಳಗೆ ಇಡುವುದು ವಾಸಿ. ಒಂದು ಸಲಕ್ಕೆ ಹನ್ನೆರಡು ವಾಕ್ಯ ಸಾಕು, ಉಳಿದದ್ದಕ್ಕೆ ಮುಂದಿನ ವಾರ ಅವರು ಥೆರಪಿಗೆ ಬಂದಾಗ.